ಉಂಗೇನಿಯಲ್ಲಿ ಗಾಲಿ ಬದಲಿಸುವ ಹೊತ್ತು

ರಾದೇನಿ,
ಸೆಪ್ಟೆಂಬರ್ ೧೨, ಶುಕ್ರವಾರ

ಅಮ್ಮ,

ವಿಮಾನ ಕಂಡರೆ ನನಗೆ ಯಾವತ್ತೂ ಹೆದರಿಕೆ ಇರಲಿಲ್ಲ.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಕೊನೆಗೆ ಬರೆಯೋಣ ಎಂದುಕೊಂಡರೆ ಧೈರ್ಯ ಸಾಲದೆ ಹೋದೀತು. ನಾಲ್ಕು ವರ್ಷದಿಂದ ನೀನು ಪಾದೋವಾದ ಚರ್ಚಿನ ಅಂಗಳದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೀ: "ನನ್ನ ಮಗಳು ವಿಮಾನ ಹತ್ತಿದ್ರೆ ಎದೆ ನಿಂತೇ ಹೋಗುತ್ತೆ ಕಣ್ರೀ, ಅದಕ್ಕೇ ಮೂರು ದಿನ ರೈಲಲ್ಲಿ ಆಲೂಗಡ್ಡೆ ಮೂಟೆ ಥರ ಬಿದ್ಕೊಂಡು ಬರ್ತಾಳೆ." ನೀನು ನೋಡಿಕೊಳ್ಳುವ ಆ ಮುದುಕಿ ಸಿಞೋರಾ ಎಲ್ವೀರಾ, ತನ್ನ ಮಗಳ ಹೆಸರೇ ನೆನಪಿಲ್ಲದವಳು, ನನ್ನ ಹೆದರಿಕೆಯನ್ನು ಮಾತ್ರ ನೆನಪಿಟ್ಟುಕೊಂಡು ಯಾರೋ ಸಂತನ ಪದಕವನ್ನು ನನ್ನ ಕೈಯಲ್ಲಿಟ್ಟಳು. ಅದನ್ನು ಕೊರಳಿಗೆ ಹಾಕಿಕೊಂಡ ದಿನ ನನಗೆ ಊಟ ಇಳಿಯಲಿಲ್ಲ. ನಾನು ಮುಖ ಮುರಿಯುವ ಹಾಗೆ ನಿಜ ಹೇಳುತ್ತೇನೆಂದು ಹೊಲಿಗೆ ಕಾರ್ಖಾನೆಯಲ್ಲೂ ಕಾರು ತೊಳೆಯುವಲ್ಲೂ ನನ್ನನ್ನು ಓಡಿಸಿದ್ದಾರೆ. ಅಂಥವಳು ನಿನಗೊಬ್ಬಳಿಗೆ ಈ ಒಂದು ಸುಳ್ಳು ಹೇಳಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಪ್ಪ ಎಂಬ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ನೀನು ಫೋನ್ ಇಡುತ್ತೀ. ಕಾಗದವಾದರೆ ಹರಿಯುವಷ್ಟರಲ್ಲಿ ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದಿರುತ್ತವೆ. ಅಜ್ಜಿ ಕಳಿಸುವ ಚೀಲದಲ್ಲಿ, ಅಕ್ರೋಟಿನ ಗಂಟಿಗೂ ಪ್ಲಮ್ ಹಣ್ಣಿನ ಬಾಟಲಿಗೂ ನಡುವೆ ಇದನ್ನು ಇಡುತ್ತೇನೆ. ಮಿನಿಬಸ್ಸಿನವನು ಇವತ್ತು ಸಂಜೆ ಹೊರಡುತ್ತಾನೆ. ಭಾನುವಾರ ನೀವೆಲ್ಲ ಸೇರಿ ಊರಿನ ಚೀಲಗಳನ್ನು ಇಳಿಸಿಕೊಳ್ಳುವ ಮೈದಾನದಲ್ಲಿ ನಿನ್ನ ಕೈಗೆ ಸಿಗುತ್ತದೆ. ಇದು ಶಾಲೆ ಬಿಟ್ಟವಳ ಬರಹ. ನೀನು ಇಲ್ಲಿ ಟೀಚರಾಗಿದ್ದವಳು. ತಪ್ಪು ಕಂಡರೆ ಅಲ್ಲೇ ನಿಲ್ಲಬೇಡ, ಮುಂದೆ ಓದು.

ಮೊದಲ ಸಲ ನಿನ್ನ ಹತ್ತಿರ ಬರುವಾಗ ನನಗೆ ಹದಿನೈದು. ಮಂಜು ಕವಿದು ವಿಮಾನ ರದ್ದಾಗಿತ್ತು. ರೈಲು ಹತ್ತು ಎಂದವಳು ನೀನೇ. ಆಮೇಲೆ ಇನ್ನೊಂದು ಸಲ ಫೋನ್ ಮಾಡಿ ಹೇಳಿದೆ: "ಉಂಗೇನಿ ಬಂದಾಗ ಪರದೆ ಎಳ್ಕೊಂಡು ಮಲಗಿಬಿಡು. ಹೊರಗೆ ನೋಡಬೇಡ."

ಆ ಊರಿನ ಸೊಸೆಯಾಗಿದ್ದ ನಿನಗೆ ಅಲ್ಲಿ ಏನು ನಡೆಯುತ್ತದೆಂದು ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಹೊರಗಿನಿಂದ ನೋಡಿದವಳು, ನಾನು ಒಳಗಿನಿಂದ ನೋಡಿದವಳು. ನಮ್ಮ ಹಳಿ ಅಗಲ, ನದಿಯಾಚೆ ರೊಮೇನಿಯಾದ ಹಳಿ ಕಿರಿದು. ಒಂದೇ ಗಾಲಿಯಲ್ಲಿ ಎರಡೂ ದೇಶ ದಾಟಲು ಆಗುವುದಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ಕಳಚಿ, ಜನ ಒಳಗಿದ್ದ ಹಾಗೆಯೇ ಜಾಕಿನ ಮೇಲೆ ಆಳೆತ್ತರಕ್ಕೆ ಎತ್ತುತ್ತಾರೆ. ಅಗಲದ ಗಾಲಿಗಳನ್ನು ಅಡಿಯಿಂದ ಹೊರಗೆ ತಳ್ಳಿ ಕಿರಿದಾದವನ್ನು ಒಳಗೆ ತಳ್ಳುತ್ತಾರೆ. ಅಷ್ಟು ಹೊತ್ತೂ ಬಾಗಿಲಿಗೆ ಬೀಗ. ಪಾಸ್‌ಪೋರ್ಟು ಪೊಲೀಸರ ಕೈಯಲ್ಲಿ. ಯಾರೂ ಇಳಿಯುವ ಹಾಗಿಲ್ಲ. ಕೂತವರ ಹೊಟ್ಟೆಯೊಳಗೆ ಏನೋ ತೇಲಿದ ಹಾಗಾಗುತ್ತದೆ, ಅಷ್ಟೆ.

ನಾನು ಪರದೆ ಎಳೆಯಲಿಲ್ಲ. ಯಾರೋ ಕೆಳಗೆ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತಿತ್ತು. ಕಿಟಕಿಯ ಮೇಲರ್ಧ ಇಳಿಸಿ ಬಗ್ಗಿದೆ. ಎಣ್ಣೆ ಹಿಡಿದ ಕಿತ್ತಳೆ ಅಂಗಿ, ಮೊದಲಿಗಿಂತ ಬಗ್ಗಿದ ಬೆನ್ನು. ಅವನು ಮೇಲೆ ನೋಡಿದ. ಗುರುತು ಸಿಗಲಿಲ್ಲ. "ಕಿಟಕಿ ಮುಚ್ಚಮ್ಮಾ, ಧೂಳು ಬರುತ್ತೆ," ಎಂದ. ನಾನು ಅಪ್ಪ ಎಂದೆ. ಅವನು ಚರ್ಚಿಗೆ ಹೋದವನ ಹಾಗೆ ಟೋಪಿ ತೆಗೆದ. ಮತ್ತೆ ಟೋಪಿ ಹಾಕಿಕೊಂಡು ಕೆಲಸಕ್ಕೆ ಬಗ್ಗಿದ, ಯಾಕೆಂದರೆ ಡಬ್ಬಿ ಗಾಳಿಯಲ್ಲಿತ್ತು, ಅದರಡಿಯಲ್ಲಿ ಇನ್ನೂ ಮೂವರು ಇದ್ದರು.

ಅಮ್ಮ, ನಾನು ನಿನಗೆ ಕೊಟ್ಟ ಮಾತು ಮುರಿಯಲಿಲ್ಲ. ಅದು ಸರಿಯಾಗಿ ನೆನಪಿದೆ. ಪಾದೋವಾದ ಕಾಗದಪತ್ರ ನಿನ್ನ ಕೈಗೆ ಬಂದು, ತಮ್ಮ ನೀಕು ಸತ್ತ ಮೂರು ವರ್ಷಕ್ಕೆ ನೀನು ಮೊದಲ ಸಲ ಇಲ್ಲಿ ರಾದೇನಿಗೆ ಬಂದಿದ್ದೆ. ಪಾಸ್ಕ ಹಬ್ಬ ಕಳೆದ ಮರುವಾರ, ಸತ್ತವರ ಹಬ್ಬದ ದಿನ. ಸುತ್ತ ಎಲ್ಲರೂ ತಮ್ಮ ತಮ್ಮವರ ಸಮಾಧಿಯ ಮೇಲೆ ಬಟ್ಟೆ ಹಾಸಿ, ಕೆಂಪು ಮೊಟ್ಟೆ, ರೊಟ್ಟಿ ಇಟ್ಟು, ಒಬ್ಬರಿಗೊಬ್ಬರು ಲೋಟ, ಟವೆಲು ದಾನ ಕೊಡುತ್ತಿದ್ದರು. ನೀನು ನನ್ನ ಕೈಯನ್ನು ನೀಕುವಿನ ಶಿಲುಬೆಯ ಮೇಲೆ ಒತ್ತಿ ಹಿಡಿದೆ. "ಅವನ ಹೊಸ್ತಿಲು ತುಳಿದ್ರೆ ನನ್ನ ಹೊಸ್ತಿಲು ತುಳೀಬೇಡ. ಆಣೆ ಮಾಡು." ಮಾಡಿದೆ. ಅವತ್ತಿನಿಂದ ಇವತ್ತಿನವರೆಗೂ ಉಂಗೇನಿಯ ನೆಲದ ಮೇಲೆ ನಾನು ಕಾಲಿಟ್ಟಿಲ್ಲ. ಗಾಲಿಯೂ ಇಲ್ಲದ ಡಬ್ಬಿಯಲ್ಲಿ, ಯಾವ ದೇಶದ್ದೂ ಅಲ್ಲದ ಎತ್ತರದಲ್ಲಿ ಕೂತು ಅಪ್ಪನ ಜೊತೆ ಮಾತಾಡಿದ್ದೇನೆ. ವಕೀಲರ ಮಾತಿನ ಹಾಗೆ ಕೇಳಿಸುತ್ತದೆ, ಗೊತ್ತು. ನನಗೆ ಆಣೆಯೂ ಬೇಕಾಗಿತ್ತು, ಅಪ್ಪನೂ ಬೇಕಾಗಿದ್ದ. ಅದಕ್ಕೇ ವಿಮಾನದ ಹೆದರಿಕೆ ಹುಟ್ಟಿಸಿಕೊಂಡೆ.

ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ನೀನು ಬೈಯುತ್ತಿದ್ದೆ. ಯಾವ ಕೆಲಸದಲ್ಲೂ ನಿಲ್ಲುವುದಿಲ್ಲ, ಎರಡು ತಿಂಗಳಿಗೊಮ್ಮೆ ಪಾದೋವಾಕ್ಕೆ ಓಡಿ ಬರುತ್ತಾಳೆ, ಬಂದರೂ ಒಂದು ವಾರ ಕೂರುವುದಿಲ್ಲ ಎಂದು. ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಪೂರ್ತಿ ನಿಜ ಬರೆಯಬೇಕೆಂದರೆ, ನಿನ್ನನ್ನು ನೋಡಲು ಬರುವಾಗಲೂ ವಾಪಸಾಗುವಾಗಲೂ ನಡುವೆ ಉಂಗೇನಿ ಇರುತ್ತಿತ್ತು. ಆ ರೈಲಿನ ದಿನ ಅಪ್ಪ ಯಾವತ್ತೂ ರಜೆ ಹಾಕುತ್ತಿರಲಿಲ್ಲ.

ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ನಿನಗೆ ನಗು ಬಂದೀತು. "ಉಂಡ್ಯಾ?" "ಉಂಡೆ." "ಏನುಂಡೆ?" "ಮೊಟ್ಟೆ, ರೊಟ್ಟಿ." "ಅದೂ ಒಂದು ಊಟವಾ!" ಎಂದು ಉದ್ದನೆಯ ಕೊಕ್ಕೆ ಕೋಲಿಗೆ ಒಂದು ಪೊಟ್ಟಣ ಸಿಕ್ಕಿಸಿ ಮೇಲೆ ಚಾಚುತ್ತಿದ್ದ. ಅದರಲ್ಲಿ ಮೆಕ್ಕೆಜೋಳದ ಮುದ್ದೆ, ಉಪ್ಪು ಗಿಣ್ಣು. ಮುದ್ದೆಯನ್ನು ಅವನೇ ತಿರುವಿದ್ದು, ಒಳಗೆ ಹಿಟ್ಟಿನ ಗಂಟು. ಅವನ ಜೊತೆಯ ಗ್ರೀಶಾ ಮಾವ ಕೆಳಗಿನಿಂದ ಕೂಗುತ್ತಿದ್ದ: "ಏ ತಿಮೊಫೆ, ನಿನ್ನ ರಾಜಕುಮಾರಿ ಅಟ್ಟ ಹತ್ತಿ ಕೂತಿದಾಳೆ. ಮೆಲ್ಲಗೆ ಎತ್ತಪ್ಪಾ, ಟೀ ಚೆಲ್ಲಿದ್ರೆ ತಾಸ್ಯಾ ನಮ್ಮ ಚರ್ಮ ಸುಲೀತಾಳೆ!" ನಮ್ಮ ಡಬ್ಬಿ ನೋಡಿಕೊಳ್ಳುವ ತಾಸ್ಯಾ ಚಿಕ್ಕಮ್ಮ ಪಕ್ಕದ ಕಿಟಕಿಯಿಂದ ತಲೆ ಹಾಕಿ, "ನಿನ್ನ ಚರ್ಮದಲ್ಲಿ ಒಂದು ಚಪ್ಪಲೀನೂ ಆಗಲ್ಲ, ಬಾಯ್ಮುಚ್ಕೊಂಡು ಕೆಲಸ ನೋಡು," ಎನ್ನುತ್ತಿದ್ದಳು. ಅವಳಿಗೆ ನಮ್ಮ ಸಂಗತಿಯೆಲ್ಲ ಗೊತ್ತು. ಆ ರೈಲಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ. ನಮ್ಮ ಡಬ್ಬಿಯನ್ನು ಅಪ್ಪ ಎಲ್ಲಕ್ಕಿಂತ ಕೊನೆಗೆ ಇಳಿಸುತ್ತಿದ್ದ. ಅದಕ್ಕೂ ಯಾರೂ ಏನೂ ಅನ್ನುತ್ತಿರಲಿಲ್ಲ.

ನಿನ್ನ ಹೆಸರನ್ನು ಅವನು ಒಮ್ಮೆಯೂ ಎತ್ತಲಿಲ್ಲ. "ಅಲ್ಲಿ ಚಳಿ ಜೋರಾ?" ಎನ್ನುತ್ತಿದ್ದ. ಬೇಸಿಗೆಯಲ್ಲೂ ಹಾಗೇ ಕೇಳುತ್ತಿದ್ದ. ಒಂದು ಸಲ ಮಾತ್ರ, "ಸೋಪಿನ ನೀರಲ್ಲಿ ಕೈ ಒಡೀತಿತ್ತು, ಈಗ ವಾಸೀನಾ?" ಎಂದ. ಯಾರ ಕೈ ಎಂದು ಹೇಳಲಿಲ್ಲ.

ಆ ದಿನದ ಮಾತನ್ನೂ ಬರೆಯಬೇಕು. ಇಲ್ಲಿ ಹಾರಿಸಿದರೆ ಇಷ್ಟು ಹೊತ್ತು ಬರೆದದ್ದೆಲ್ಲ ಮತ್ತೊಂದು ಸುಳ್ಳಾಗುತ್ತದೆ. ನೀಕು ಪ್ರೂತ್ ನದಿಗೆ ಹೋದ ದಿನ ಅಪ್ಪ ಕುಡಿದಿದ್ದ. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಿಗ್ಗೆ ಮನೆಯ ವೈನು ಎರಡು ಲೋಟ ಕುಡಿದು ಮಲಗಿದ್ದ. ನಾನು ಶಾಲೆಯಲ್ಲಿದ್ದೆ. ಆರು ವರ್ಷದ ಮಗು ಗಾಳದ ಕೋಲು ಹಿಡಿದು, ಗಡಿ ಬೇಲಿಯ ಸಂದಿನಲ್ಲಿ ನುಸುಳಿ ನೀರು ಪಾಲಾಯಿತು. ಅಪ್ಪನ ಪರವಾಗಿ ನಾನು ವಾದ ಮಾಡಲಾರೆ. ಅವನೂ ಮಾಡಿಲ್ಲ. ಮೂರನೆಯ ಸಲ ಸಿಕ್ಕಾಗ ನಾನೇ ಕೇಳಿದೆ, ಅಷ್ಟು ಎತ್ತರದಿಂದ, ಎಲ್ಲರೆದುರಿಗೆ, ಕುಡಿದಿದ್ದೆಯಾ ಎಂದು. ನನಗೆ ಹಾಗೆ ಕೇಳದೆ ಇರಲು ಬರುವುದಿಲ್ಲ. ಜಾಕಿನ ಸದ್ದು ನಿಂತಿತ್ತು. "ಕುಡಿದಿದ್ದೆ ಕಣವ್ವ," ಎಂದ. "ನಿಮ್ಮಮ್ಮ ಹೇಳೋದು ಸರಿ. ಅವಳ ಮಾತು ಮೀರಬೇಡ." ಗ್ರೀಶಾ ಮಾವ ಆ ದಿನ ತಮಾಷೆ ಮಾಡಲಿಲ್ಲ.

ನೀನು ಮಣ್ಣು ಮಾಡಲು ಬರಲಿಲ್ಲ ಎಂದು ಊರವರು ಆಡಿಕೊಂಡದ್ದು ನನಗೆ ಗೊತ್ತು. ಬಂದಿದ್ದರೆ ಮತ್ತೆ ಅಲ್ಲಿಗೆ ಹೋಗಲು ಬಿಡುತ್ತಿರಲಿಲ್ಲ, ಆಗ ನಿನ್ನ ಹತ್ತಿರ ಕಾಗದಪತ್ರ ಇರಲಿಲ್ಲ. ಅಜ್ಜಿ ಫೋನನ್ನು ಪೆಟ್ಟಿಗೆಯ ಮೇಲೆ ಹಿಡಿದಿದ್ದಳು. ಅದರಲ್ಲಿ ನಿನ್ನ ಮುಖ ಅಂಗೈಯಷ್ಟಿತ್ತು. ನಾನು ಹತ್ತು ವರ್ಷದವಳು, ನಿನ್ನ ಮೇಲೆ ಅಪ್ಪನ ಮೇಲಿನಷ್ಟೇ ಸಿಟ್ಟಾಗಿದ್ದೆ. ಇದನ್ನೂ ನಿನಗೆ ಯಾವತ್ತೂ ಹೇಳಿಲ್ಲ. ಈಗ ಆ ಸಿಟ್ಟಿಲ್ಲ. ಕುಡಿದು ಮಲಗಿದವನಿಗೂ ಮುದುಕಿಯ ಮಂಚದ ಪಕ್ಕ ನಿಂತು ಫೋನಿನಲ್ಲಿ ಮಗನ ಮಣ್ಣು ನೋಡಿದವಳಿಗೂ ಇದ್ದದ್ದು ಒಬ್ಬನೇ ಮಗ.

ಈಗ ಜೂನ್ ತಿಂಗಳ ಮಾತಿಗೆ ಬರುತ್ತೇನೆ.

ಜೂನಿನಲ್ಲಿ ನಿನ್ನ ಹತ್ತಿರ ಬರುವಾಗ ಉಂಗೇನಿಯಲ್ಲಿ ಡಬ್ಬಿ ಒಮ್ಮೆಲೇ ಎದ್ದಿತು, ಸ್ವಲ್ಪ ಜೋರಾಗಿ. ನನ್ನ ಟೀ ಚೆಲ್ಲಿತು. ಆಗಲೇ ನನಗೆ ತಿಳಿಯಿತು. ಕಿಟಕಿ ಇಳಿಸಿದರೆ ಕೆಳಗೆ ಗ್ರೀಶಾ ಮಾವ ಒಬ್ಬನೇ ಇದ್ದ. "ನಿಮ್ಮಪ್ಪ ಇನ್ಮೇಲೆ ಕೆಳಗೆ ಬರಲ್ಲ ಮಗಳೇ," ಎಂದ. ಶ್ವಾಸಕೋಶ ಪೂರ್ತಿ ಹೋಗಿದೆಯಂತೆ, ಬ್ರೇಕಿನ ಧೂಳು. ಹತ್ತು ಹೆಜ್ಜೆ ನಡೆದರೆ ಕೂರಬೇಕಂತೆ. ನಾನು ಬಾಗಿಲಿಗೆ ಓಡಿದೆ. ತಾಸ್ಯಾ ಚಿಕ್ಕಮ್ಮ ಅಡ್ಡ ನಿಂತಳು. "ಎಲ್ಲಿಗೆ ಇಳೀತಿಯಾ? ಕೆಳಗೆ ಮೆಟ್ಟಿಲಿಲ್ಲ, ನೆಲ ಇಲ್ಲ. ಪಾಸ್‌ಪೋರ್ಟು ಅವರ ಹತ್ರ ಇದೆ. ಹಲ್ಲು ಕಚ್ಕೊಂಡು ಕೂತ್ಕೋ." ಗ್ರೀಶಾ ಮಾವ ಕೆಳಗಿನಿಂದ ಕೂಗಿದ: "ಇಳೀಬೇಡ ಅಂತ ಅವನೇ ಹೇಳಿ ಕಳಿಸಿದಾನೆ. ಆಣೆ ಮುರೀಬೇಡ ಅಂದಿದಾನೆ." ಆಮೇಲೆ ಕೊಕ್ಕೆ ಕೋಲಿಗೆ ಪೊಟ್ಟಣ ಸಿಕ್ಕಿಸಿ ಚಾಚಿದ. ಮುದ್ದೆ ಇತ್ತು. ಈ ಸಲ ಗಂಟಿರಲಿಲ್ಲ. ಯಾರೋ ಬೇರೆಯವರು ತಿರುವಿದ್ದರು.

ಅವನ ಮನೆ ಗಾಲಿ ಬದಲಿಸುವ ಆ ಶೆಡ್ಡಿನಿಂದ ಕೂಗಳತೆಯಲ್ಲಿದೆ, ನಿನಗೆ ಗೊತ್ತು. ನಾವೆಲ್ಲ ಇದ್ದ ಅದೇ ರೈಲ್ವೆ ಮನೆ. ಡಬ್ಬಿ ಮೇಲೆದ್ದಾಗ ಅದರ ಹೊಗೆಕೊಳವೆ ಕಾಣುತ್ತದೆ. ನಾನು ಅದನ್ನೇ ನೋಡುತ್ತಾ ಕೂತೆ. ಗಾಲಿ ಕೂರಿಸಿದರು, ಇಳಿಸಿದರು, ರೈಲು ನದಿ ದಾಟಿತು.

ಪಾದೋವಾದಲ್ಲಿ ನೀನು, "ಯಾಕೆ ಕಣ್ಣು ಊದಿದೆ?" ಎಂದೆ. ರೈಲಿನ ಗಾಳಿ ಎಂದೆ ನಾನು. ಹದಿನೆಂಟು ದಿನ ನಿನ್ನ ಅಡುಗೆಮನೆಯ ಮಡಿಸುವ ಮಂಚದ ಮೇಲೆ ಮಲಗಿ ಪ್ರತಿ ದಿನ ಇವತ್ತು ಹೇಳುತ್ತೇನೆ ಎಂದುಕೊಂಡೆ. ಒಂದು ಸಂಜೆ ನೀನು ಸಿಞೋರಾಳ ಸಾರಿಗೆ ಉಪ್ಪು ಹಾಕುತ್ತಾ, ನನ್ನ ಕಡೆ ತಿರುಗದೆ ಕೇಳಿದೆ: "ಗಾಲಿ ಬದಲಾಯಿಸೋಕೆ ಈಗ್ಲೂ ಅಷ್ಟೇ ಹೊತ್ತಾ?" ಅಷ್ಟೇ ಎಂದೆ. ಮತ್ತೆ ನೀನು ಸಾರಿಗೆ ಉಪ್ಪು ಹಾಕಿದೆ. ಆ ರಾತ್ರಿ ಸಿಞೋರಾ ಸಾರು ಮುಟ್ಟಲಿಲ್ಲ.

ಆಮೇಲೆ ನೀನು ಆ ಸುದ್ದಿ ಹೇಳಿದೆ. ಸಿಞೋರಾಳ ತಂಗಿಯನ್ನು ನೋಡಿಕೊಳ್ಳುವ ಕೆಲಸ ನನಗೆ, ಕಾಗದಪತ್ರ ಎಲ್ಲ ಆಗಿದೆ, ಇನ್ನು ಅಲ್ಲೇ ಇದ್ದುಬಿಡುವುದು. ಟಿಕೆಟ್ಟನ್ನೂ ನೀನೇ ತೆಗೆದೆ, ವಿಮಾನದ್ದೇ. "ಒಂದೇ ಸಲ ಹೆದರ್ಕೋ, ಮಾತ್ರೆ ಕೊಡಿಸ್ತೀನಿ. ಆಮೇಲೆ ವಾಪಸ್ ಹೋಗೋ ಮಾತೇ ಇಲ್ಲ," ಎಂದೆ. ಒಂಬತ್ತು ವರ್ಷದಲ್ಲಿ ನೀನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನಾನೂ ನಕ್ಕೆ. ಸೋಮವಾರ ಮಧ್ಯಾಹ್ನ ಆ ವಿಮಾನ.

ನಿನ್ನೆ ಗ್ರೀಶಾ ಮಾವ ಫೋನ್ ಮಾಡಿದ. ಅಪ್ಪನನ್ನು ಆಸ್ಪತ್ರೆಯಿಂದ ನಾಳೆ ಮನೆಗೆ ಕಳಿಸುತ್ತಾರಂತೆ. ವಾಸಿಯಾಗಿ ಅಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ಆಗಲಿ ಎಂದು. ಊಟ ಬಿಟ್ಟಿದ್ದಾನೆ. ನೀರನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತುತ್ತಾರೆ. "ಬರ್ಬೇಡ ಅಂತ ಈಗ್ಲೂ ಹೇಳ್ತಾನೆ," ಎಂದ ಗ್ರೀಶಾ ಮಾವ. "ಆದ್ರೆ ಹೊತ್ತು ಎಷ್ಟು ಅಂತ ಕೇಳ್ತಾನೇ ಇರ್ತಾನೆ. ರೈಲು ಬಂತಾ ಅಂತಾನೆ. ಮನೇಲಿ ಒಲೆ ಹಚ್ಚೋರೂ ಇಲ್ಲ ಮಗಳೇ. ನನಗೆ ಪಾಳಿ ಇದೆ."

ಅಳಿಯನ ಸುದ್ದಿಯನ್ನು ಅಜ್ಜಿಗೆ ಹೇಳಿದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ, ತನ್ನ ಸಾವಿಗೆಂದು ನೇಯ್ದಿಟ್ಟುಕೊಂಡ ಟವೆಲುಗಳಲ್ಲಿ ಅರ್ಧ ತೆಗೆದು ಮೇಜಿನ ಮೇಲಿಟ್ಟಳು. ಹೆಣ ಹೋಗುವ ದಾರಿಯಲ್ಲಿ, ಪ್ರತಿ ಕವಲಿನಲ್ಲೂ ಸೇತುವೆಯೆಂದು ಹಾಸುತ್ತೇವಲ್ಲ, ಅವು. ಆಕಾಶದಲ್ಲಿ ತನ್ನನ್ನು ತಡೆಯುವ ಗಡಿಕಟ್ಟೆಗಳನ್ನೆಲ್ಲ ಆತ್ಮ ಅವುಗಳ ಮೇಲೆ ದಾಟಬೇಕಲ್ಲ. "ಅವನಿಗೆ ಹಾಸೋರು ಯಾರಿದಾರೆ," ಎಂದಳು, "ತಗೊಂಡು ಹೋಗು. ನನಗೆ ಮತ್ತೆ ನೇಯ್ಕೋತೀನಿ. ನಾನೇನು ಇವತ್ತೇ ಸಾಯಲ್ಲ." ಅಪ್ಪ ಇನ್ನೂ ಉಸಿರಾಡುತ್ತಿರುವಾಗ ಅವನ್ನು ಚೀಲಕ್ಕೆ ತುಂಬುವುದು ನನ್ನಿಂದಾಗಲಿಲ್ಲ. ಅಜ್ಜಿಯೇ ತುಂಬಿದಳು.

ಆದ್ದರಿಂದ ಅಮ್ಮ, ನಾನು ಸೋಮವಾರದ ವಿಮಾನಕ್ಕೆ ಬರುವುದಿಲ್ಲ. ಕಿಷಿನೌನಿಂದ ರೈಲಿಗೆ ಟಿಕೆಟ್ ತೆಗೆದಿದ್ದೇನೆ, ಉಂಗೇನಿಯವರೆಗೆ ಮಾತ್ರ. ಡಬ್ಬಿ ಎತ್ತುವ ಮೊದಲೇ ಇಳಿಯುತ್ತೇನೆ. ಆಣೆ ಮಾಡಿದ ಮೇಲೆ ಮೊದಲ ಸಲ ಆ ನೆಲದ ಮೇಲೆ ಕಾಲಿಡುತ್ತೇನೆ, ಹೊಸ್ತಿಲು ದಾಟುತ್ತೇನೆ, ಒಲೆ ಹಚ್ಚುತ್ತೇನೆ. ಈ ಸಲ ವಕೀಲರ ಮಾತಿಲ್ಲ. ಆಣೆ ಮುರಿಯುತ್ತಿದ್ದೇನೆ, ಗೊತ್ತಿದ್ದೇ ಮುರಿಯುತ್ತಿದ್ದೇನೆ. ನಿನ್ನ ಹೊಸ್ತಿಲು ನನಗೆ ಮುಚ್ಚಿದರೆ ಅದು ನೀನು ಮೊದಲೇ ಹೇಳಿದ ಮಾತು, ನಾನು ಜಗಳ ಮಾಡುವುದಿಲ್ಲ. ಅಂಥ ಒಳ್ಳೆಯ ಕೆಲಸ ಕೈಬಿಟ್ಟಳು ಎಂದು ಅಳಬೇಡ. ಮುದುಕರ ಹಾಸಿಗೆ ಪಕ್ಕ ಕೂರುವ ಕೆಲಸವನ್ನೇ ಕಲಿಯಬೇಕೆಂದಿದ್ದರೆ, ಮೊದಲು ಇಲ್ಲಿ ಕಲಿಯುತ್ತೇನೆ.

ಸಿಞೋರಾಳ ಪದಕವನ್ನು ಇದರ ಜೊತೆ ಇಟ್ಟಿದ್ದೇನೆ. ಹೆದರಿಕೆ ಇಲ್ಲದವಳಿಗೆ ಅದು ಸಲ್ಲುವುದಿಲ್ಲ.

ನಿನ್ನ ಕೈಗೆ ಮುತ್ತು. ಒಡೆದ ಕೈಗೆ.

ನಿನ್ನ
ಸಾಂಡಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮಿನಿಬಸ್ಸಿನವನು ಹಾರ್ನ್ ಮಾಡುತ್ತಿದ್ದಾನೆ, ಬರೆಯುತ್ತೇನೆ. ಜೂನಿನಲ್ಲಿ ನಾನು ಬಾಗಿಲ ಹತ್ತಿರ ಅಳುತ್ತಾ ಕೂತಾಗ ತಾಸ್ಯಾ ಚಿಕ್ಕಮ್ಮ ಬಾಯಿ ತಪ್ಪಿ ಹೇಳಿದಳು: "ನೀನೂ ಥೇಟು ನಿಮ್ಮಮ್ಮನ ಥರಾನೇ. ಅವಳಿಗೂ ಶೆಡ್ಡಿನ ಕಡೆ ಕಿಟಕೀನೇ ಆಗ್ಬೇಕು." ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ನೀನು ವಿಮಾನದಲ್ಲಿ ಬರುತ್ತೀ ಎಂದು ಅಜ್ಜಿಯೂ ನಾನೂ ನಂಬಿದ್ದೆವು. ನಿಲ್ದಾಣಕ್ಕೆ ಯಾರೂ ಬರಬೇಡಿ ಎಂದು ನೀನು ಯಾಕೆ ಹೇಳುತ್ತಿದ್ದೆ ಎಂದು ಈಗ ಗೊತ್ತಾಯಿತು. ದೀಪ ಆರಿಸಿ, ಪರದೆ ಎಳೆದು, ಬೆರಳಗಲ ಸಂದು ಬಿಟ್ಟುಕೊಂಡು, ಡಬ್ಬಿ ಇಳಿಯುವವರೆಗೂ ಅಲ್ಲಾಡದೆ ಕೂರುತ್ತೀಯಂತೆ. ನಾವು ಸಮಾಧಿಗೆ ಹೋಗುವ ಮೊದಲೇ ಅಲ್ಲಿ ಯಾರೋ ಒಂದು ಮೊಟ್ಟೆ ಇಟ್ಟಿರುತ್ತಿದ್ದರಲ್ಲ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ್ದು. ಅದನ್ನು ನೀನು ಯಾರಿಗೂ ದಾನ ಕೊಡದೆ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ನಾನು ನೋಡಿದ್ದೇನೆ.

ಅಪ್ಪನಿಗೂ ಗೊತ್ತಿತ್ತು ಅಮ್ಮ. ಈ ವಸಂತದಲ್ಲಿ, ಇನ್ನೂ ಕೆಲಸಕ್ಕೆ ಬರುತ್ತಿದ್ದಾಗ ಹೇಳಿದ: "ಪಾಸ್ಕ ಆದ್ಮೇಲೆ ಬೆಳಗಿನ ಜಾವ ಒಂದು ಡಬ್ಬಿ ಬರುತ್ತೆ, ಪರದೆ ಹಾಕಿರುತ್ತೆ. ಅದನ್ನ ನಾನು ಬೇರೆ ಯಾರ ಕೈಲೂ ಇಳಿಸಕ್ಕೆ ಬಿಡಲ್ಲ." ನನಗೆ ಆಗ ಅರ್ಥವಾಗಲಿಲ್ಲ.

ಸೋಮವಾರ ನೀನು ಹೇಗೂ ವಿಮಾನ ನಿಲ್ದಾಣಕ್ಕೆ ಬರುವವಳಿದ್ದೆ. ಬಾ. ನನ್ನನ್ನು ತರಬೇಕಿದ್ದ ಆ ವಿಮಾನ ಸ್ವಲ್ಪ ಹೊತ್ತು ನಿಂತು ಕಿಷಿನೌಗೆ ವಾಪಸಾಗುತ್ತದೆ, ಅದನ್ನು ಹತ್ತು. ಈ ಸಲ ರೈಲು ಬೇಡ. ರೈಲಿಗೆ ಬೇಕಾಗುವಷ್ಟು ದಿನ ಅಪ್ಪನ ಹತ್ತಿರ ಉಳಿದಿಲ್ಲ.

ನಾನು ನಾಳೆ ಹೊರಡುತ್ತೇನೆ.